ಗೇರ್ ಬಿಡ್ತಿಲ್ಲ

ಲೈಟ್ ಒಂದು ಉರೀತಿರ್ಲಿ ಬಿಡಿ, ಆರಿಸ್ಬೇಡಿ. ನಾನು ಹದಿನೆಂಟು ವರ್ಷ ನರ್ಸ್ ಕೆಲಸ ಮಾಡಿದೋಳು. ಹೆಣದ ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ರಿಪೋರ್ಟ್ ಬರೆದೋಳು. ದೆವ್ವ ಗಿವ್ವ ಅಂದ್ರೆ ಕಿಸಕ್ ಅಂತ ನಗೋ ಪೈಕಿ. ಆದ್ರೆ ಇದು ಮಾತ್ರ... ನಮ್ಮ ದೊಡ್ಡಪ್ಪನ ಮಗನಿಗೇ ಆಗಿದ್ದು. ಅರ್ಧ ನನ್ನ ಕಣ್ಣೆದುರೇ ಆಗಿದ್ದು.

ಅಣ್ಣ ಗೇರ್ ಬಾಕ್ಸ್ ಮೆಕ್ಯಾನಿಕ್. ಊರೆಲ್ಲ ಅವನನ್ನ ಕಿವಿಯಣ್ಣ ಅಂತಲೇ ಕರೆಯೋದು. ಯಾಕೆ ಅಂದ್ರೆ, ಅವನ ಹತ್ರ ಮೊಳದುದ್ದದ ಒಂದು ಕಬ್ಬಿಣದ ಸರಳಿತ್ತು. ಅದರ ಒಂದು ತುದಿ ಗೇರ್ ಬಾಕ್ಸ್ ಮೇಲೆ, ಇನ್ನೊಂದು ತುದಿ ಕಿವಿಗೆ. ಡಾಕ್ಟ್ರು ಎದೆ ನೋಡ್ತಾರಲ್ಲ, ಹಾಗೆ. ಕಣ್ಣು ಮುಚ್ಕೊಂಡು ಕೇಳಿ, "ಮೂರನೇ ಗೇರು, ಬೇರಿಂಗ್ ಹೋಗಿದೆ" ಅಂದ್ಬಿಡ್ತಿದ್ದ. ಬಿಚ್ಚಿ ನೋಡಿದ್ರೆ ಅದೇ ಆಗಿರ್ತಿತ್ತು.

ಆವತ್ತು ನನ್ನ ಡ್ಯೂಟಿ ಮುಗಿದಾಗ ರಾತ್ರಿ ಹತ್ತೂವರೆ. ದಾರೀಲಿ ಗ್ಯಾರೇಜಿಗೆ ಹೋದೆ, ಅಣ್ಣನೂ ಆಗ ತಾನೇ ಶಟರ್ ಎಳೀತಿದ್ದ. ಇಬ್ರೂ ನಡ್ಕೊಂಡು ಹೊರಟ್ವಿ. ಗಲ್ಲಿ ತುದೀಲಿ ಒಂದು ಹಾಳು ಬಾವಿ ಇದೆ. ಮೇಲೆ ಕಬ್ಬಿಣದ ಜಾಲರಿ ಹಾಕಿದಾರೆ. ಅಲ್ಲಿಗೆ ಬರ್ತಿದ್ದ ಹಾಗೆ ಅಣ್ಣ ನಿಂತ...

"ಏನೋ?" ಅಂದೆ.

"ಶ್..." ಅಂದ. ಜಾಲರಿ ಹತ್ರ ಬಗ್ಗಿದ. "ಒಳಗೆ ಯಾರೋ ಮಾತಾಡ್ತಿದಾರೆ."

ನನಗೂ ಕೇಳಿಸ್ತು ಅಂದ್ರೆ ಸುಳ್ಳಾಗುತ್ತೆ. ನನಗೆ ಕೇಳಿಸಿದ್ದು ನೀರಿನ ಹನಿ ಮಾತ್ರ. ಟಪ್... ಸ್ವಲ್ಪ ಹೊತ್ತು... ಟಪ್.

"ಏನಂತಿದಾರೆ?" ಪಿಸುಗುಟ್ಟಿದೆ.

"ಏನಿಲ್ಲ. ನಡಿ."

ಮಾರನೇ ದಿನ ನಾನು ಬಿಡದೆ ಕೇಳಿದಾಗ ಹೇಳಿದ. ಹಿಂದಿನ ಸಂಜೆ ಅವನ ಗ್ಯಾರೇಜಿಗೆ ಒಂದು ಗಾಡಿ ಬಂದಿತ್ತಂತೆ. ಅದರ ಗೇರ್ ಬಾಕ್ಸಿಗೆ ಸರಳಿಟ್ಟು ಕೇಳಿದಾಗ ಏನು ಕೇಳಿಸ್ತೋ, ಬಾವಿಯಿಂದ ಬಂದಿದ್ದೂ ಅದೇ ಅಂತೆ. ಗಂಡಸಿನ ದನಿ. ಗಂಟಲು ಕಟ್ಟಿದ ದನಿ.

"ಬಿಡ್ತಿಲ್ಲ... ಗೇರ್ ಬಿಡ್ತಿಲ್ಲ..."

ಆ ಗಾಡಿ ನೀವು ನೋಡಿರಲ್ಲ. ಹಳೇ ಕಾಲದ ರೇಸ್ ಥರದ ಕಾರು. ಎರಡೇ ಸೀಟು. ನೆಲಕ್ಕೆ ಎಷ್ಟು ಹತ್ರ ಅಂದ್ರೆ ಕೂರೋಕೆ ಹೋದ್ರೆ ಬಿದ್ದ ಹಾಗೇ ಆಗೋದು. ಎಂಜಿನ್ ಮುಂದಿಲ್ಲ. ಸೀಟಿನ ಬೆನ್ನಿಗೇ ಅಂಟಿಕೊಂಡ ಹಾಗೆ, ಹಿಂದಿನ ಚಕ್ರಕ್ಕಿಂತ ಮುಂದೆ ಇತ್ತು. ಅದಕ್ಕೂ ಹಿಂದೆ ಗೇರ್ ಬಾಕ್ಸ್. ಆ ಗಾಡೀನ ಕಟ್ಟಿದೋನು ಒಬ್ಬ ಟರ್ನರ್. ಲೇತ್ ಕೆಲಸದೋನು. ಮೊದಲಿದ್ದ ಸಣ್ಣ ಎಂಜಿನ್ ಕಿತ್ತು, ಬೇರೆ ಕಾರಿನ ದೊಡ್ಡ ಎಂಜಿನ್ ಕೂರಿಸಿದ್ದ. ಗೇರ್ ಬಾಕ್ಸ್ ಮಾತ್ರ ಹಳೇದೇ ಇತ್ತು. ಕತ್ತೆ ಬೆನ್ನ ಮೇಲೆ ಆನೆ ಕೂರಿಸಿದ ಹಾಗೆ. ಟರ್ನರ್ ತೀರಿಕೊಂಡ ಮೇಲೆ ಅವನ ಹೆಂಡತಿ ಅದನ್ನ ನಮ್ಮ ಹಲ್ಲಿನ ಡಾಕ್ಟರಿಗೆ ಮಾರಿದ್ರು.

ಹಲ್ಲಿನ ಡಾಕ್ಟರ್ ಅಂದ್ರೆ ದೇವರಂಥ ಮನುಷ್ಯ. ನಮ್ಮಮ್ಮನ ಹಲ್ಲು ಕಿತ್ತಿದ್ದು ಅವರೇ. ಅಮ್ಮ "ಯಾವಾಗ ಕೀಳ್ತೀರ?" ಅಂತ ಕೇಳೋಷ್ಟರಲ್ಲಿ ಹಲ್ಲು ತಟ್ಟೇಲಿತ್ತು. ಗಾಡಿ ಬಿಟ್ಟು ಹೋಗುವಾಗ ಅಣ್ಣಂಗೆ ಹೇಳಿದ್ರಂತೆ, "ಇದರ ದವಡೆ ಹಲ್ಲು ಸರಿಯಿಲ್ಲ ಕಣಯ್ಯಾ. ಕೊಯ್ಯ್ ಅಂತ ಅಳುತ್ತೆ. ಪೂರ್ತಿ ಸೆಟ್ಟೇ ಬದಲಾಯಿಸು." ಐದು ಗೇರಿನ ಗಟ್ಟಿಮುಟ್ಟಾದ ಹೊಸಾ ಬಾಕ್ಸನ್ನೂ ತರಿಸಿಟ್ಟಿದ್ರು. ಮರದ ಪೆಟ್ಟಿಗೆ ಒಡೆದಿರ್ಲಿಲ್ಲ, ಒಳಗಿನ ಪ್ಲಾಸ್ಟಿಕ್ ಹರಿದಿರ್ಲಿಲ್ಲ.

ಅಣ್ಣ ಎರಡು ದಿನದಲ್ಲಿ ಹಳೇದನ್ನ ಇಳಿಸಿದ. ಆಯಿಲ್ ಸೋರಿಸಿ, ಚಕ್ರಕ್ಕೆ ಹೋಗೋ ಶಾಫ್ಟ್ ಬಿಚ್ಚಿ, ಎಂಜಿನ್ ಕೆಳಗೆ ಮರದ ತುಂಡಿಟ್ಟು ಜಾಕ್ ಕೊಟ್ಟು, ಬೋಲ್ಟ್ ತೆಗೆದು. ಬೆಂಚಿನ ಮೇಲಿಟ್ಟು ಬಿಚ್ಚಿ ನೋಡ್ತಾನೆ... ಒಂದು ಹಲ್ಲೂ ಮುರಿದಿಲ್ಲ. ಒಂದು ಬೇರಿಂಗೂ ಸವೆದಿಲ್ಲ. ಅಳೋಕೆ ಕಾರಣವೇ ಇಲ್ಲ.

ಆ ಭಾನುವಾರ ನನ್ನನ್ನೂ ಕರ್ಕೊಂಡು ಟರ್ನರ್ ಮನೆಗೆ ಹೋದ. ಹೊಸ ಗೇರ್ ಬಾಕ್ಸಿನ ಬೋಲ್ಟ್ ತೂತಿಗೂ ಎಂಜಿನ್ ತೂತಿಗೂ ತಾಳೆ ಆಗ್ತಿರ್ಲಿಲ್ಲ, ನಡುವೆ ಒಂದು ಪ್ಲೇಟ್ ಮಾಡಿಸ್ಬೇಕಿತ್ತು. ಎಂಜಿನ್ ಅಳತೆ ಬರೆದಿಟ್ಟಿದಾರಾ ಅಂತ ಕೇಳೋದು ನೆಪ. ಆ ಅಮ್ಮ ಬಟ್ಟೆ ಮಡಿಸ್ತಾ ಕೂತಿದ್ರು.

"ಯಜಮಾನ್ರು ಆ ಗಾಡೀಲೇ... ಹೋದ್ರಾ?" ಅಂತ ಅಣ್ಣ ತಡವರಿಸಿದ.

"ಅಯ್ಯೋ, ಇಲ್ಲಪ್ಪ. ಹಾಸಿಗೇಲಿ ಹೋದ್ರು. ತಲೇಲಿ ರಕ್ತನಾಳ ಒಡೀತು ಅಂದ್ರು. ಮೂರು ದಿನ ಇದ್ರು." ಒಂದು ಅಂಗಿ ಮಡಿಸಿ ಪಕ್ಕಕ್ಕಿಟ್ರು. "ಒಂದು ಕೈ ಹಿಂಗೆ ಮುಷ್ಟಿ ಹಿಡ್ಕೊಂಡೇ ಇತ್ತು. ಗೇರ್ ಹಿಡಿಯೋ ಕೈ. ಎಳೆಯೋರು, ತಳ್ಳೋರು... ಬಾಯಲ್ಲಿ ಒಂದೇ ಮಾತು."

ಯಾವ ಮಾತು ಅಂತ ನಾವು ಕೇಳ್ಲಿಲ್ಲ. ಅವರೇ ಹೇಳಿದ್ರು. "ಗೇರ್ ಬಿಡ್ತಿಲ್ಲ ಕಣೇ, ಅಂತ."

ಹೊರಗೆ ಬಂದ ಮೇಲೆ ಅಣ್ಣಂಗೆ ಒಂಥರಾ ಸಮಾಧಾನ. ಪಾಪ, ಆ ಮನುಷ್ಯನ ಜೀವ ಹಳೇ ಡಬ್ಬದಲ್ಲಿ ಸಿಕ್ಕಿಹಾಕಿಕೊಂಡಿದೆ, ಡಬ್ಬಾನೇ ಹೋದ ಮೇಲೆ ಕತೆ ಮುಗೀತು ಅಂದ. ಹಳೇ ಗೇರ್ ಬಾಕ್ಸನ್ನ ಒಂದೊಂದು ಚಕ್ರ ಬೇರೆ ಬೇರೆ ಮಾಡಿ ಗುಜರಿಗೆ ಕೊಟ್ಟ. ಹೆಬ್ಬೆರಳು ದಪ್ಪದ ಅಲ್ಯೂಮಿನಿಯಂ ಪ್ಲೇಟ್ ಕೊರೆಸಿದ. ಹೊಸದನ್ನ ಕೂರಿಸಿದ. ಬೋಲ್ಟ್ ಬಿಗಿದ. ಗೇರಿನ ಕೇಬಲ್ ಹೊಸದು, ಕ್ಲಚ್ ಹೊಸದು.

ಶುಕ್ರವಾರ. ಹಾಡುಹಗಲು, ಹನ್ನೊಂದು ಗಂಟೆ. ಡಾಕ್ಟರೂ ಬಂದಿದ್ರು. ಹಿಂದಿನ ಚಕ್ರ ಮೇಲೆತ್ತಿ ನಿಲ್ಲಿಸಿ ಎಂಜಿನ್ ಶುರು ಮಾಡಿದ್ರು. ಗುರ್ರ್... ಅಂತ ಒಂದೇ ಸಮ. ನ್ಯೂಟ್ರಲ್. ಡಾಕ್ಟರ್ ಪಕ್ಕದಲ್ಲೇ ನಿಂತು ಕನ್ನಡಕ ಒರೆಸ್ಕೋತಾ, "ಭಾನುವಾರ ಮನೆಯೋಳನ್ನ ಕೂರಿಸ್ಕೊಂಡು ಬೆಟ್ಟದ ರಸ್ತೇಲಿ ಒಂದು ಸುತ್ತು" ಅಂತಿದ್ರು. ಅಣ್ಣ ಅಭ್ಯಾಸಬಲದಿಂದ ಸರಳಿಟ್ಟು ಕಿವಿ ಕೊಟ್ಟ.

ಗುರ್ರ್... ಅದರ ಒಳಗೆ, ಅದಕ್ಕಿಂತ ಕೆಳಗೆ...

"ಬಿಡ್ತಿಲ್ಲ ಕಣಯ್ಯಾ... ಗೇರ್ ಬಿಡ್ತಿಲ್ಲ..."

ಟರ್ನರ್ ದನಿ ಅಲ್ಲ. ಡಾಕ್ಟರ್ ದನಿ.

ತಲೆ ಎತ್ತಿ ನೋಡಿದ್ನಂತೆ. ಡಾಕ್ಟರ್ ಬಾಯಿ ಮುಚ್ಚಿಕೊಂಡು ನಿಂತಿದ್ರು, ಕನ್ನಡಕವನ್ನ ಬೆಳಕಿಗೆ ಹಿಡಿದು ನೋಡ್ತಾ. ಮತ್ತೆ ಸರಳಿಟ್ಟ. ಮತ್ತೆ ಅದೇ. "ಕಣಯ್ಯಾ" ಅನ್ನೋದು ಡಾಕ್ಟರ್ ಬಾಯಿಮಾತು. ಬೇರೆ ಯಾರದೂ ಅಲ್ಲ.

ಅಣ್ಣ ಎಂಜಿನ್ ಆರಿಸಿದ. "ಸಾರ್, ಕ್ಲಚ್ ಸ್ವಲ್ಪ ಹಿಡೀತಿದೆ. ಎರಡು ದಿನ ಬೇಕು" ಅಂತ ಸುಳ್ಳು ಹೇಳಿದ. ಅವರ ಮುಖ ಸಣ್ಣದಾಯ್ತು. "ಆಯ್ತು ಬಿಡು, ಭಾನುವಾರ ಎಲ್ಲಿಗೆ ಓಡಿಹೋಗುತ್ತೆ" ಅಂತ ನಕ್ಕು ಹೋದ್ರು.

ಮಧ್ಯಾಹ್ನ ಅಣ್ಣ ಆಸ್ಪತ್ರೆ ಗೇಟಿಗೆ ಬಂದ. ಎಲ್ಲಾ ಹೇಳಿದ.

"ಅವರಿಗೆ ಹೇಳ್ಬಿಡೋ" ಅಂದೆ.

"ಏನಂತ ಹೇಳ್ಲಿ?" ಅಂದ.

ನನಗೆ ಗೊತ್ತಿದ್ದಿದ್ದು ನನ್ನ ಕೆಲಸ ಒಂದೇ. ಅಮ್ಮನ ಹಲ್ಲಿನ ನೆಪ ಮಾಡ್ಕೊಂಡು ಸಂಜೆ ಅವರ ಕ್ಲಿನಿಕ್ಕಿಗೆ ಹೋದೆ. "ಸಾರ್, ಸುಮ್ನೆ ಬಿಪಿ ನೋಡ್ಲಾ? ನೀವು ಎಲ್ಲರ ಬಾಯಿ ನೋಡ್ತೀರ, ನಿಮ್ಮನ್ನ ನೋಡೋರು ಯಾರು?" ಅಂದೆ. ನಗ್ತಾ ತೋಳು ಚಾಚಿದ್ರು. ನೂರಿಪ್ಪತ್ತು, ಎಂಬತ್ತು. ಪುಸ್ತಕದಲ್ಲಿ ಬರೆದಿಟ್ಟ ಹಾಗೆ. ಇನ್ನೊಂದು ಸಲ ನೋಡಿದೆ. ಅಷ್ಟೇ. ಆರೋಗ್ಯವಾಗಿರೋ ಮನುಷ್ಯನನ್ನ ಯಾವ ಕಾರಣಕ್ಕೆ ಅಂತ ಅಡ್ಮಿಟ್ ಮಾಡ್ಸೋದು, ನೀವೇ ಹೇಳಿ?

ಶನಿವಾರ ಅಣ್ಣ ಗ್ಯಾರೇಜಿನ ಶಟರ್ ಹಾಕ್ಕೊಂಡು ಒಬ್ಬನೇ ಕೂತು ಆ ಹೊಸಾ ಗೇರ್ ಬಾಕ್ಸನ್ನ ಬಿಚ್ಚಿಬಿಟ್ಟ. ಇಬ್ರು ಮಾಡೋ ಕೆಲಸ. ಬೆಳಗ್ಗೆ ಕೂತೋನು ಮಧ್ಯಾಹ್ನ ಮೂರಕ್ಕೆ ಅದನ್ನ ನೆಲಕ್ಕಿಳಿಸಿದ. ಗೇರ್ ಬಾಕ್ಸೇ ಇಲ್ದಿದ್ರೆ ಗಾಡಿ ಹೊರಡಲ್ಲ. ಗಾಡಿ ಹೊರಡದಿದ್ರೆ ಬೆಟ್ಟದ ರಸ್ತೆ ಇಲ್ಲ. ಇಷ್ಟೇ ಅವನ ಲೆಕ್ಕ.

ನಾಲ್ಕಕ್ಕೆ ನಾನು ಫೋನ್ ಮಾಡಿದೆ. "ಅಣ್ಣಾ... ಹಲ್ಲಿನ ಡಾಕ್ಟರನ್ನ ಆಸ್ಪತ್ರೆಗೆ ತಂದಿದಾರೆ."

"ಗಾಡೀಲಾ?" ಅಂತ ಕಿರುಚಿದ. "ಯಾವ ಗಾಡೀಲಿ ಹೋಗಿದ್ರು?"

"ಯಾವ ಗಾಡೀಲೂ ಇಲ್ಲ ಕಣೋ. ಕ್ಲಿನಿಕ್ಕಲ್ಲಿ. ಪೇಷೆಂಟ್ ಬಾಯಿ ನೋಡ್ತಾ ನೋಡ್ತಾ ಕುಸಿದ್ರಂತೆ. ತಲೇಲಿ ರಕ್ತ..."

ಆ ಕಡೆಯಿಂದ ಮಗು ಥರ ಹೇಳಿದ. "ನಾನು ಇಳಿಸಿಬಿಟ್ಟಿದೀನಲ್ಲೇ... ಇಲ್ಲೇ ನೆಲದ ಮೇಲಿದೆ... ನನ್ನ ಕಾಲ ಹತ್ರಾನೇ ಇದೆ..."

ಮೂರು ದಿನ ಇದ್ರು. ನನ್ನ ವಾರ್ಡಲ್ಲೇ. ಒಂದು ಕೈ ಮುಷ್ಟಿ. ಯಾವ ಕೈ ಅಂತ ಹೇಳ್ಬೇಕಾಗಿಲ್ಲ. ಮಂಚದ ಪಕ್ಕದ ಗಾಳೀಲಿ ಏನನ್ನೋ ಹಿಡಿದು ಎಳೆಯೋದು, ತಳ್ಳೋದು. ದೊಡ್ಡ ಡಾಕ್ಟ್ರು ಬಂದ್ರು, ಸ್ಕ್ಯಾನ್ ನೋಡಿದ್ರು, ತಲೆ ಆಡಿಸಿದ್ರು. ಡಾಕ್ಟರ್ ಹೆಂಡತಿ ಕಾಲ ಬಳಿ ಕೂತು ಪಾದ ಉಜ್ಜುತ್ತಾ, "ಏನು ಬಿಡ್ತಿಲ್ಲ ಹೇಳ್ರೀ, ಏನು ಬಿಡ್ತಿಲ್ಲ?" ಅಂತ ಕೇಳ್ತಾನೇ ಇದ್ರು.

ಮೂರನೇ ದಿನ ಸಂಜೆ ಅಣ್ಣ ಒಳಗೆ ಬಂದ. ಅಲ್ಲೀವರೆಗೂ ಬಾಗಿಲ ಹೊರಗೇ ನಿಂತಿದ್ದ. ಮಂಚದ ಪಕ್ಕ ಮೊಣಕಾಲೂರಿ, ಆ ಮುಷ್ಟಿ ಮೇಲೆ ತನ್ನ ಕೈ ಇಟ್ಟ. ಗಾಡಿ ಕಲಿಸ್ತಾರಲ್ಲ, ಹಾಗೆ.

"ಸಾರ್," ಅಂದ ಮೆಲ್ಲಗೆ. "ಗಾಬರಿ ಬೇಡ. ಆಕ್ಸಿಲರೇಟರ್ ಬಿಡಿ... ಕ್ಲಚ್ ತುಳೀರಿ... ಪೂರ್ತಿ ತುಳೀರಿ..."

ಹೊದಿಕೆ ಕೆಳಗೆ ಡಾಕ್ಟರ್ ಪಾದ ಅಲ್ಲಾಡ್ತು. ಅವರ ಹೆಂಡತಿ ಬೆಚ್ಚಿ ಕೈ ತೆಗೆದ್ರು. ಪಾದ ನಿಧಾನವಾಗಿ ಮುಂದಕ್ಕೆ ಚಾಚ್ತು, ಮಂಚದ ಕಂಬಿಗೆ ತಾಗಿ ನಿಂತ್ಕೊಳ್ತು.

"ಹಾಂ... ಈಗ ನ್ಯೂಟ್ರಲ್ಲಿಗೆ ತನ್ನಿ. ಮೆಲ್ಲಗೆ... ನಾನಿದೀನಿ... ಬರುತ್ತೆ..."

ಇಬ್ಬರ ಕೈಯೂ ಸೇರಿ ಎಳೀತಿತ್ತು. ಅಣ್ಣನ ಕತ್ತಿನ ನರ ಉಬ್ಬಿತ್ತು. ಗೇರ್ ಬಾಕ್ಸನ್ನ ಎದೆ ಮೇಲೆ ಹೊರೋ ಆಸಾಮಿ ಅವನು... ಆ ಬರೀ ಗಾಳಿಯೊಳಗಿಂದ ಒಂದು ಮುಷ್ಟೀನ ಒಂದಿಂಚು ಹಿಂದಕ್ಕೆ ತರೋಕೆ ಆಗ್ಲಿಲ್ಲ.

ಡಾಕ್ಟರ್ ಕಣ್ಣು ಬಿಟ್ರು. ಅಣ್ಣನ್ನ ಗುರುತು ಹಿಡಿದ್ರು, ಅದರಲ್ಲಿ ಸಂಶಯ ಇಲ್ಲ.

"ಬಿಡ್ತಿಲ್ಲ ಕಣಯ್ಯಾ" ಅಂದ್ರು.

ಅಷ್ಟೇ. ಏಳು ಗಂಟೆ ಹತ್ತು ನಿಮಿಷ. ನಾನೇ ಬರ್ಕೊಂಡೆ.

ಅಣ್ಣ ಈಗ ಗೇರ್ ಬಾಕ್ಸ್ ಮುಟ್ಟಲ್ಲ. ಟೈರ್ ಅಂಗಡಿ ಇಟ್ಕೊಂಡಿದಾನೆ. ಸರಳು ಎಲ್ಲಿ ಬಿಸಾಕಿದ ಅಂತ ಯಾರಿಗೂ ಹೇಳಿಲ್ಲ. ಗಾಡೀನ ಡಾಕ್ಟರ್ ಹೆಂಡತಿ ವಾಪಸ್ ಕೇಳ್ಲಿಲ್ಲ. ಇವನೂ ಕೊಂಡ್ಕೊಳ್ಳೋಕೆ ಬಂದೋರನ್ನೆಲ್ಲ ಬಾಗಿಲಿಂದಲೇ ವಾಪಸ್ ಕಳಿಸ್ತಾನೆ. ಕೇಳಿದ್ರೆ, "ಮುಂದಿನೋರ ದನಿ ನನಗೆ ಕೇಳಿಸ್ಕೊಳ್ಳೋಕೆ ಆಗಲ್ಲಮ್ಮ" ಅಂತಾನೆ.

ನೀವು ನಂಬ್ತೀರೋ ಬಿಡ್ತೀರೋ. ಸ್ಟ್ರೋಕ್ ಆದೋರು ಹಾಗೆ ಮುಷ್ಟಿ ಹಿಡೀತಾರೆ, ನನಗೆ ಗೊತ್ತು. ಮಾತು ಒಂದೇ ಆಗಿದ್ದು ಕಾಕತಾಳೀಯ ಅನ್ನಿ, ನಾನು ಜಗಳ ಆಡಲ್ಲ. ಆದ್ರೆ ಹೆಣ ಸಿದ್ಧ ಮಾಡಿದೋಳು ನಾನು. ಆ ಮುಷ್ಟಿ ಬಿಡಿಸೋಕೆ ಹೋದೆ. ಅದೇ ಕೈ, ಅಷ್ಟು ಹೊತ್ತು ಕಲ್ಲಿನ ಹಾಗಿದ್ದಿದ್ದು, ಮೆತ್ತಗೆ ತೆರ್ಕೊಳ್ತು. ಮೂರು ದಿನ ಆಸ್ಪತ್ರೆ ಹಾಸಿಗೇಲಿ ಮಲಗಿದ್ದ ಮನುಷ್ಯ. ಐದೂ ಉಗುರಿನ ಸಂದೀಲಿ ಗ್ರೀಸ್. ಕಪ್ಪಗೆ, ಹೊಸದು. ಹತ್ತಿ ಒದ್ದೆ ಮಾಡಿ ನಾನೇ ಒಂದೊಂದು ಬೆರಳು ಒರೆಸಿದೆ. ಗ್ರೀಸ್ ಇನ್ನೂ ಬೆಚ್ಚಗಿತ್ತು, ಗಾಡಿ ಈಗ ತಾನೇ ಓಡಿ ನಿಂತ ಹಾಗೆ.