ಕೊರಳಿಗೆ ಕಟ್ಟಿದ ಹಕ್ಕಿ

ಬಾಳ್ಳುಪೇಟೆಯಲ್ಲಿ ಸಕಲೇಶಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕಾಲೇಜು ಹುಡುಗಿಯೊಬ್ಬಳು ಪರೀಕ್ಷೆಗೆ ಬರುವ ಇಂಗ್ಲಿಷ್ ಪದ್ಯದ ಕಥೆಯನ್ನು ತನ್ನ ನೆರೆಮನೆಯ ರೋಸಲಿನ್ ಬಾಯಮ್ಮನಿಗೆ ಒಪ್ಪಿಸುತ್ತಿದ್ದಳು.

"ನಾವಿಕ ಸುಮ್‌ಸುಮ್ನೆ ಒಂದು ಕಡಲಹಕ್ಕಿ ಕೊಂದ್ಬುಟ್ಟ. ಹಡಗಿನವರು ಅವನ ಕೊರಳಿಗೆ ಶಿಲುಬೆ ಬದಲು ಆ ಸತ್ತ ಹಕ್ಕಿನೇ ಕಟ್ಟಿದ್ರು. ಯಾಕೆ ಅಂತ ಬರೀಬೇಕು."

"ಕೋಳಿ ಹಿಡಿಯೋ ನಾಯಿಗೆ ಬುದ್ಧಿ ಬರ್ಲಿ ಅಂತ ಸತ್ತ ಕೋಳಿನೇ ಕೊರಳಿಗೆ ಕಟ್ಟಲ್ವಾ ಧನು? ಹಂಗೇ."

"ಇದು ಪಾಪದ ಸಂಕೇತ ಅಂತೆ ಬಾಯಮ್ಮ."

"ನಾಯಿಗೂ ಅದೇ ಕಣೆ."

"ಆಮೇಲೆ ಅವನು ನೀರುಹಾವು ನೋಡಿ, ಎಷ್ಟು ಚಂದ ಅಂತ ಮನಸಲ್ಲೇ ಹರಸಿದ. ಆಗ ಹಕ್ಕಿ ತಾನಾಗೇ ಕಳಚಿ ಬಿತ್ತು. ಅದ್ಯಾಕೋ ಗೊತ್ತಾಗ್ತಿಲ್ಲ."

ಬಾಯಮ್ಮ ತಮ್ಮ ಕೊರಳಿನ ಶಿಲುಬೆಯನ್ನು ಬೆರಳಲ್ಲಿ ಹೊರಳಿಸಿದರು.

"ನಮ್ಮ ನಾಯಿ ಜಿಮ್ಮಿಗೆ ಕಟ್ಟಿದ್ದ ಕೋಳಿ ಯಾವತ್ತು ಬಿಚ್ಚಿದೆ ಗೊತ್ತಾ?"

"ನಾರೋಕೆ ಶುರುವಾದಾಗ."

"ಅಲ್ಲ. ಒಂದು ಕೋಳಿಮರಿ ಬಂದು ಅದರ ಬೆನ್ನ ಮೇಲೆ ಕೂತ್ಕೊಂತು. ಮರಿ ಎದ್ದು ಹೋಗೋವರೆಗೂ ಜಿಮ್ಮಿ ಅಲುಗಾಡಲೇ ಇಲ್ಲ."

ಆಲೂರಿನ ಬಸ್ಸು ಬಂತು. ಹುಡುಗಿ ಮೆಟ್ಟಿಲು ಹತ್ತುತ್ತಾ ತಿರುಗಿದಳು.

"ಪರೀಕ್ಷೇಲಿ ಜಿಮ್ಮಿ ಕಥೆ ಬರೀಲಾ?"

"ಬರಿ. ಹೆಸರು ಮಾತ್ರ ಹಾಕ್ಬೇಡ. ಜಿಮ್ಮಿನ ಕ್ಷಮಿಸಿ ಆಗೈತೆ."