ಕಾಲಿನಿಂದ ತೆಗೆದ ಪ್ಲೇಟು

ವಕೀಲರ ಆಫೀಸಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಊರುಗೋಲು ಹಿಡಿದ ಫಿಟ್ಟರ್ ಒಬ್ಬ, ಅವನ ಅಕ್ಕ ಕೂತಿದ್ದರು.

"ಡಾಕ್ಟರ್ ಹಾಕಿದ ಪ್ಲೇಟು ಕಾಲೊಳಗೇ ಮುರೀತು ಅನ್ನೋದಕ್ಕೆ ಆ ತುಂಡೇ ಸಾಕ್ಷಿ. ತಂದ್ಯೇನೋ?"

"ತಂದಿದೀನಿ ಅಕ್ಕ. ಮೊದ್ಲು ಅವನ ಹೊಟ್ಟೆಗೆ ಇಳಿಸ್ತೀನಿ, ಆಮೇಲೆ ಕೇಸು."

"ಬಾಯ್ಮುಚ್ಚು. ತೋರ್ಸು."

ಅವನು ಕರವಸ್ತ್ರ ಬಿಚ್ಚಿದ. ಒಳಗೆ ಥಳಥಳ ಹೊಳೆಯುವ ಚೂರಿ! ಸಿನಿಮಾ ಆಗಿದ್ದರೆ ಇಲ್ಲೇ ಇಂಟರ್ವಲ್ ಬೀಳುತ್ತಿತ್ತು.

"ಇದೇನೋ ಇದು?"

"ಅದೇ ಪ್ಲೇಟು. ಗ್ರೈಂಡರಿಗೆ ಹಿಡಿದು ಚೂಪು ಮಾಡ್ದೆ. ನನ್ನೊಳಗೆ ಇಟ್ಟಿದ್ದನ್ನ ಅವನೊಳಗೇ ಇಡ್ತೀನಿ, ರಕ್ತ ಕಾರ್ಬೇಕು!"

"ಮುರಿದಿದ್ದ ಜಾಗ ಎಲ್ಲೋ?"

"ಅದನ್ನೇ ಉಜ್ಜಿ ತುದಿ ಮಾಡಿದ್ದು."

"ಅಯ್ಯೋ ಮುಠ್ಠಾಳ! ಡಾಕ್ಟರನ್ನ ನೀನೇ ಉಳಿಸಿಬಿಟ್ಟೆಯಲ್ಲೋ!"

ಅಷ್ಟರಲ್ಲಿ ವಕೀಲರು ಒಳಗೆ ಕರೆದರು. ಅಕ್ಕ ಚೂರಿ ಕಸಿದು ಚೀಲಕ್ಕೆ ತುರುಕಿದಳು.

"ಏಳು. ಇನ್ನು ಉಳಿದಿರೋ ಸಾಕ್ಷಿ ನಿನ್ನ ಕುಂಟುಕಾಲೊಂದೇ. ಅದನ್ನಾದ್ರೂ ಉಜ್ಜದೆ ಒಳಗೆ ತಗೊಂಡ್ ಬಾ."