ಮೂರನೆಯ ಮೌನ

ಸಂಜೆ ಐದಕ್ಕೆ ಹಿಡಿದ ಮಳೆ ಏಳಾದರೂ ಬಿಡಲಿಲ್ಲ. ಕೆಳಗೆ ರಸ್ತೆ ಹೊಳೆಯಾಗಿತ್ತು, ಕರೆಂಟು ಹೋಗಿತ್ತು, ಲಿಫ್ಟು ನಿಂತಿತ್ತು. ಆಫೀಸಿನಲ್ಲಿ ಉಳಿದಿದ್ದ ಮೂರೇ ಜನ ಮೇಜಿನ ಮೇಲೊಂದು ಟಾರ್ಚು ನಿಲ್ಲಿಸಿಕೊಂಡು ಸುತ್ತ ಕೂತಿದ್ದರು.

ಅವರಲ್ಲಿ ತಂಡದ ಮುಖ್ಯಸ್ಥೆಗೆ ಮಳೆಯ ಚಿಂತೆ ಇರಲಿಲ್ಲ. ಆಸ್ಪತ್ರೆಯ ಆಂಬುಲೆನ್ಸ್ ಕರೆಗಳಿಗೆ ಉತ್ತರಿಸುವ ಹಳೆಯ ಯಂತ್ರವನ್ನು ಬೆಳಗ್ಗೆ ಆರಕ್ಕೆ ನಿಲ್ಲಿಸಿ ಹೊಸದನ್ನು ಚಾಲೂ ಮಾಡಬೇಕಿತ್ತು. ಹಳೆಯದರ ಜಾವಾ ಕಾಂಪೊನೆಂಟುಗಳನ್ನೆಲ್ಲ, ಅಂದರೆ ಒಂದೊಂದು ಕೆಲಸಕ್ಕೆಂದು ಬರೆದ ಕೋಡಿನ ತುಂಡುಗಳನ್ನೆಲ್ಲ, ಹೊಸದಾಗಿ ಬರೆಸಿದ್ದಳು, ಒಂದನ್ನು ಬಿಟ್ಟು. ನಂಬರಿಲ್ಲದ ಕರೆ ಬಂದರೆ ಏನನ್ನೂ ಕೇಳದೆ ಮನುಷ್ಯರಿಗೆ ದಾಟಿಸುವುದಷ್ಟೇ ಅದರ ಕೆಲಸ. ಏಕೆಂದು ಎಲ್ಲೂ ಬರೆದಿರಲಿಲ್ಲ. ಬರೆದವರು ಮಾತ್ರ ಎದುರಿಗೇ ಇದ್ದರು. ಹಳೆಯದನ್ನು ಓದಬಲ್ಲವರು ಬೇರೆ ಯಾರೂ ಇಲ್ಲವೆಂದು ನಿವೃತ್ತಿಯ ನಂತರವೂ ಕರೆಸಿಕೊಂಡಿದ್ದ ಮುದುಕರು, ಇಡೀ ಆಫೀಸಿಗೆ ‘ದೊಡ್ಡಪ್ಪ’.

“ಕಾರಣ ಹೇಳಿ ದೊಡ್ಡಪ್ಪ. ಕಾರಣ ಇಲ್ದೆ ಒಂದು ಸಾಲೂ ಹೊಸದಕ್ಕೆ ಬರಲ್ಲ. ನಾಳೆ ಒಂದು ಕರೆ ತಪ್ಪಿದ್ರೂ ನನ್ನ ತಲೆಗೇ ಬರೋದು.”

“ನಿನ್ನ ತಲೆಗಲ್ಲ ಮಗಳೇ, ಕರೆ ಮಾಡಿದವರ ತಲೆಗೆ.”

“ಶುರುವಾಯ್ತು!” ಎಂದ ಯಂತ್ರವನ್ನು ಪರೀಕ್ಷಿಸಿ ನೋಡುವ ಟೆಸ್ಟಿಂಗ್‌ನವನು. “ಹೆದರಿಸೋ ಹಾಗಿದ್ರೆ ಮೊದ್ಲೇ ಹೇಳಿ, ಬಾತ್‌ರೂಮಿಗೆ ಹೋಗಿ ಬಂದ್ಬಿಡ್ತೀನಿ.”

“ಕೂತ್ಕೊಳೋ. ನಿನ್ನಂಥವನೊಬ್ಬ ‘ಎಲ್ಲ ಪಾಸು’ ಅಂದಿದ್ದಕ್ಕೇ ಇದೆಲ್ಲ ಆಗಿದ್ದು.” ದೊಡ್ಡಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಆಗ ಈ ಥರದ ಯಂತ್ರ ಹೊಸದು. ಒಂದು ಒತ್ತಿದ್ರೆ ಡಾಕ್ಟ್ರು, ಎರಡು ಒತ್ತಿದ್ರೆ ಆಂಬುಲೆನ್ಸು. ಧ್ವನಿ ಕೇಳಿಸೋದು, ಒತ್ತಿದ ಅಂಕಿ ಹಿಡ್ಕೊಳ್ಳೋದು, ಇವೆಲ್ಲ ರೆಡಿಮೇಡಾಗೇ ಬರೋವು. ಅದ್ರಲ್ಲಿ ಇಲ್ಲದ್ದನ್ನ ಅಳತೆ ತಗೊಂಡು ಜಾವಾದಲ್ಲಿ ಹೊಲಿದು ಕೊಡೋ ದರ್ಜಿಗಳು ನಾವು. ಆಸ್ಪತ್ರೆಯವರು ಬಂದು ಗೋಳಾಡಿದ್ರು... ಯಾರ್ಯಾರೋ ಫೋನ್ ಮಾಡಿ ಸುಮ್ನೆ ಇರ್ತಾರೆ, ಲೈನೆಲ್ಲ ತುಂಬಿಹೋಗತ್ತೆ, ಏನಾದ್ರೂ ಮಾಡಿ ಅಂತ. ಸರಿ, ನಾನೊಂದು ಹೊಲಿದೆ. ಯಂತ್ರ ಕೇಳಿದ್ದಕ್ಕೆ ಮೂರು ಸಲ ಮೌನ ಅಂದ್ರೆ, ‘ಕರೆ ಮಾಡಿದ್ದಕ್ಕೆ ಧನ್ಯವಾದ’ ಅಂತ ಹೇಳಿ ಕಟ್. ಟೆಸ್ಟಿಂಗ್‌ನವನು ಇಡೀ ದಿನ ಫೋನ್ ಹಿಡ್ಕೊಂಡು ಬಾಯಿ ಮುಚ್ಕೊಂಡು ಕೂತ. ಹುಟ್ಟಿದ ಮೇಲೆ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದ್ಲು, ಪಾಪ! ಎಲ್ಲ ಸರಿಯಾಗೇ ಬಂತು... ಬರದೆ ಏನು? ಒಂದೇ ಫೋನು, ಒಬ್ಬನೇ ಮನುಷ್ಯ.

“ನಾನು ಮಾಡಿದ್ದೇನು ಗೊತ್ತಾ? ಮೌನ ಎಣಿಸೋ ಸ್ಲೇಟನ್ನ ಕರೆಗೊಂದು ಕೊಡೋ ಬದ್ಲು, ಎಲ್ರಿಗೂ ಸೇರಿ ಒಂದೇ ಸ್ಲೇಟು ಬಾಗಿಲಿಗೆ ನೇತುಹಾಕಿದ್ದೆ.”

ಮುಖ್ಯಸ್ಥೆ ತಟ್ಟನೆ ತಲೆಯೆತ್ತಿದಳು. “ಅಯ್ಯೋ, ಎಣಿಕೆನ ಸ್ಟ್ಯಾಟಿಕ್ ಮಾಡಿದ್ರಾ? ಎಲ್ಲ ಕರೆಗೂ ಒಂದೇ?”

“ಮಾಡಿದ್ದೆ... ಒಂದೇ ಪದ. ಯಾರೋ ಇಬ್ರು ತುಂಟರು ಸುಮ್ಮನಿದ್ರೆ ಅದು ಮೂರನೆಯವಳ ಲೆಕ್ಕಕ್ಕೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ಒಂದು ಮಧ್ಯಾಹ್ನ ಒಬ್ಳು ಹೆಂಗಸು ಫೋನ್ ಮಾಡಿದ್ಲು. ಎದೆನೋವು, ಮನೇಲಿ ಒಬ್ಳೇ. ನಡುಗೋ ಕೈಯಲ್ಲಿ ಎರಡು ಹುಡುಕೋಷ್ಟರಲ್ಲಿ... ಕಟ್. ಮತ್ತೆ ಮಾಡಿದ್ಲು, ಮತ್ತೆ ಕಟ್. ನಾಲ್ಕು ಸಲ ಮಾಡಿದ್ಲಮ್ಮ, ನಾಲ್ಕು ಸಲವೂ ನನ್ನ ಧನ್ಯವಾದ ಕೇಳಿಸ್ಕೊಂಡ್ಲು. ಸಂಜೆ ತಂಗಿ ಬಂದು ನೋಡಿದ್ರೆ ಫೋನಿನ್ನೂ ಕೈಯಲ್ಲೇ ಇತ್ತಂತೆ.”

ಟೆಸ್ಟಿಂಗ್‌ನವನು ಈಗ ನಗುತ್ತಿರಲಿಲ್ಲ.

“ಅವತ್ತೇ ಸರಿಮಾಡ್ದೆ. ಕರೆಗೊಂದು ಸ್ಲೇಟು. ಹೊಸ ಸ್ಲೇಟಲ್ಲಿ ಏನಿರ್ಬೇಕು? ಸೊನ್ನೆ ತಾನೆ? ಮಾರನೇ ದಿನ ಅದೇ ಹೊತ್ತಿಗೆ ನಂಬರೇ ಇಲ್ಲದ ಒಂದು ಕರೆ ಬಂತು... ಅದರ ಸ್ಲೇಟು ಶುರುವಾಗಿದ್ದೇ ಮೂರರಿಂದ. ಯಂತ್ರಕ್ಕೇನು ಗೊತ್ತು, ಕಟ್ ಮಾಡ್ತು. ಆಮೇಲೆ ಒಂದು ಗಂಟೆ, ಯಾರು ಫೋನ್ ಮಾಡ್ಲಿ, ಏನೇ ಒತ್ಲಿ, ಎಲ್ಲರ ಸ್ಲೇಟಲ್ಲೂ ಮೂರೇ. ಎಲ್ರಿಗೂ ಧನ್ಯವಾದ. ಆ ಗಂಟೇಲಿ ಇನ್ನಿಬ್ರು ಹೋದ್ರು.

“ಕೋಡನ್ನ ನೂರು ಸಲ ಓದಿದೆ, ತಪ್ಪೇ ಇಲ್ಲ. ಇದು ಕೋಡಿಗೆ ಬಗ್ಗೋದಲ್ಲ ಅಂತ ನೀನು ಕಾರಣ ಕೇಳಿದ ಆ ಕಾಂಪೊನೆಂಟು ಬರೆದೆ. ನಂಬರಿಲ್ಲದ ಆ ಕರೆ ಅವಳದ್ದೇ, ಕಟ್ ಮಾಡ್ಬೇಡ, ಮನುಷ್ಯರ ಕೈಗೆ ಕೊಡು. ಮಾರನೇ ದಿನ ಆಪರೇಟರ್ ಎತ್ಕೊಂಡು, ‘ಹೇಳಿ ಅಕ್ಕಾ, ಇದ್ದೀನಿ’ ಅಂದ್ಲು. ಆ ಕಡೆ ಬರೀ ಉಸಿರು... ಆಮೇಲೆ ತಾನಾಗೇ ಇಟ್ಟ ಸದ್ದು. ಹತ್ತೊಂಬತ್ತು ವರ್ಷ ಆಯ್ತು. ದಿನಾ ಯಾರೋ ಎತ್ಕೋತಾರೆ, ಒಂದು ಮಾತಾಡ್ತಾರೆ. ಅವಳಿಗೆ ಅಷ್ಟು ಸಾಕು. ಅಲ್ಲಿಂದ ಈಚೆಗೆ ಒಂದು ಕರೆಯೂ ತಪ್ಪಿಲ್ಲ.”

ಮುಖ್ಯಸ್ಥೆ ನಕ್ಕಳು, ಜೊತೆಗೆ ಯಾರೂ ನಗಲಿಲ್ಲ. “ಹಳೇ ಯಂತ್ರದ ಹಳೇ ರೋಗ ದೊಡ್ಡಪ್ಪ. ಇದು ಹೊಸ ಯಂತ್ರ, ಹೊಸ ಕೋಡು. ಹೊರಗಿನ ಫೋನ್ ಲೈನು ಕೂಡ ಇನ್ನೂ ಕೊಟ್ಟಿಲ್ಲ. ಇದಕ್ಕೆ ಯಾರು ಹೇಗೆ ಕರೆ ಮಾಡ್ತಾರೆ?”

“ಯಾರಿಗೂ ಆಗಲ್ಲ,” ಎಂದು ಒಪ್ಪಿಕೊಂಡ ದೊಡ್ಡಪ್ಪ ಟೆಸ್ಟಿಂಗ್‌ನವನತ್ತ ತಿರುಗಿದರು. “ಇವತ್ತು ಮಧ್ಯಾಹ್ನ ಒಳಗಿನ ಫೋನಿಂದ ಎಷ್ಟು ಕರೆ ಮಾಡಿ ನೋಡಿದೆ?”

“ನಲವತ್ತು. ಎಣಿಸಿ ನಲವತ್ತು.”

“ಕರೆಂಟು ಹೋಗೋ ಮುಂಚೆ ದಾಖಲೆ ನೋಡ್ದೆ... ನಲವತ್ತೊಂದಿದೆ ಕಣೋ. ಕೊನೇದಕ್ಕೆ ನಂಬರಿಲ್ಲ. ಸ್ಲೇಟು ಮೂರರಿಂದ ಶುರು. ನಿಮ್ಮ ಯಂತ್ರ ಧನ್ಯವಾದ ಹೇಳಿ ಕಟ್ ಮಾಡಿದೆ.”

ಮುಖ್ಯಸ್ಥೆ ಲ್ಯಾಪ್‌ಟಾಪನ್ನು ಎಳೆದುಕೊಂಡಳು. ಬ್ಯಾಟರಿ ಇನ್ನೊಂದು ಗಂಟೆ ಬರುವಷ್ಟಿತ್ತು. “ಆ ಕಾಂಪೊನೆಂಟು... ಸಾಲು ಸಾಲಾಗಿ ಹೇಳ್ತಾ ಹೋಗಿ ದೊಡ್ಡಪ್ಪ, ಈಗ್ಲೇ ಬರೀತೀನಿ. ಬೆಳಗ್ಗೆವರೆಗೂ ಹಳೇದಿದೆಯಲ್ಲ, ಅಲ್ಲೀವರೆಗೆ ಆ ಹೆಂಗಸನ್ನ ಅದೇ ನೋಡ್ಕೊಳತ್ತೆ.”

ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಅವಳ ಪಕ್ಕಕ್ಕೆ ಬಂದು ಕೂತರು.

“ಬೇಗ ಬರಿ ಮಗಳೇ,” ಎಂದರು ಮೆಲ್ಲಗೆ. “ಹಳೇದಕ್ಕೆ ಇವತ್ತು ಅವಳು ಕರೆ ಮಾಡೇ ಇಲ್ಲ.”